ಮೈಗ್ರೇನ್ ಮಾತ್ರೆ: ಮಾಡಬೇಕಾದ್ದು, ಮಾಡಬಾರದ್ದು

ವೈದ್ಯರ ಚೀಟಿಯ ಮೇಲೆ ಅರೆತಲೆನೋವಿನ ಔಷಧಿ ತೆಗೆದುಕೊಳ್ಳುವವರಿಗೆ ಮತ್ತು ಅವರ ಮನೆಯವರಿಗೆ.

ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಸುಮಾರು 4ರಲ್ಲಿ ಒಬ್ಬರಿಗೆ ವರ್ಷದೊಳಗೆ ಮೈಗ್ರೇನ್ ಕಾಡಿತ್ತು. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು.

ಔಷಧಿ ಎರಡು ಬಗೆ. ನೋವು ಬಂದಾಗ ನುಂಗುವುದು ಒಂದು. ಅದಕ್ಕೆ ತಿಂಗಳ ಮಿತಿ ಇದೆ. ನೋವು ಬಾರದಂತೆ ದಿನಾ ನುಂಗುವುದು ಇನ್ನೊಂದು. ಅದನ್ನು ನಡುವೆ ಬಿಡುವಂತಿಲ್ಲ. ಎರಡನ್ನೂ ಅದಲುಬದಲು ಮಾಡಿದರೆ ನೋವು ಬಲಿಯುತ್ತದೆ, ಹಣವೂ ಹೋಗುತ್ತದೆ.

1. ಇದು ಮೈಗ್ರೇನ್ ಅಲ್ಲದಿರಬಹುದು: ಮೊದಲು ಇದನ್ನು ಓದಿ

ಮಾಡಬೇಕಾದ್ದು

- ಹಿಂದೆಂದೂ ಕಾಣದಂಥ ನೋವು ಒಂದೇ ನಿಮಿಷದಲ್ಲಿ ತಲೆಗೇರಿದರೆ 108ಕ್ಕೆ ಕರೆ ಮಾಡಿ.
- ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ ಆಗಲೇ ಆಸ್ಪತ್ರೆಗೆ ಹೊರಡಿ.
- ಜ್ವರದ ಜತೆ ಕತ್ತು ಬಗ್ಗಿಸಲಾಗದಷ್ಟು ಬಿಗಿದರೆ ತುರ್ತು ಚಿಕಿತ್ಸೆಗೆ ಹೋಗಿ.
- ಫಿಟ್ಸ್ ಬಂದರೆ, ಪ್ರಜ್ಞೆ ಮಸುಕಾದರೆ 108ಕ್ಕೆ ಕರೆ ಮಾಡಿ.
- ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಏರುತ್ತಲೇ ಹೋದರೆ ಆಸ್ಪತ್ರೆಗೆ ಹೋಗಿ.
- 50 ವರ್ಷ ದಾಟಿದ ಮೇಲೆ ಮೊದಲ ಸಲ ಇಂಥ ತಲೆನೋವು ಶುರುವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.
- ನೋವು 72 ಗಂಟೆ ದಾಟಿದರೆ, ಕುಡಿದ ನೀರೂ ವಾಂತಿಯಾಗುತ್ತಿದ್ದರೆ ಆಸ್ಪತ್ರೆಗೆ ಹೋಗಿ.

ಮಾಡಬಾರದ್ದು

- "ಹಳೇ ತಲೆನೋವೇ ಇರಬೇಕು" ಎಂದು ಮಲಗುವುದು ಬೇಡ.
- ಮೈಗ್ರೇನ್ ಮಾತ್ರೆ ನುಂಗಿ ಕಾದು ನೋಡಬಾರದು.
- ದೃಷ್ಟಿ ತೆಗೆಯುತ್ತಾ, ಎಣ್ಣೆ ತಿಕ್ಕುತ್ತಾ ಹೊತ್ತು ಕಳೆಯುವುದು ಬೇಡ.
- ಮಾತು ತೊದಲುತ್ತಿರುವವರ ಬಾಯಿಗೆ ನೀರು, ಮಾತ್ರೆ ಹಾಕಬಾರದು.
- ಗಾಡಿಯನ್ನು ರೋಗಿಯೇ ಓಡಿಸಿಕೊಂಡು ಹೋಗುವುದು ಬೇಡ.

ತಪ್ಪಿದರೆ: ಮೆದುಳಿನ ರಕ್ತಸ್ರಾವ, ಮೆದುಳುಜ್ವರ, ಲಕ್ವಕ್ಕೆ ಚಿಕಿತ್ಸೆ ತಡವಾಗುತ್ತದೆ. ಲಕ್ವ ಹೊಡೆದಾಗ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ.

2. ವೈದ್ಯರ ಮುಂದೆ

ಮಾಡಬೇಕಾದ್ದು

- ತಿಂಗಳಲ್ಲಿ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ ಎಂದು ಬರೆದುಕೊಂಡು ಹೋಗಿ.
- ಬಿಪಿ, ಶುಗರ್, ಹೃದ್ರೋಗ, ಉಬ್ಬಸ, ಗ್ಲಾಕೋಮಾ, ಕಿಡ್ನಿ ಕಲ್ಲು ಇದ್ದರೆ ಅವರು ಕೇಳುವ ಮುಂಚೆಯೇ ಹೇಳಿ.
- ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುತ್ತಿದ್ದರೆ ಹೇಳಿ. ಅದಕ್ಕೆ ವೈದ್ಯರು ಆರಾ ಎನ್ನುತ್ತಾರೆ.
- ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ತಂದು ತೋರಿಸಿ, ನಾಟಿ ಔಷಧಿಯನ್ನೂ ಸೇರಿಸಿ.
- ಖಿನ್ನತೆ, ಆತಂಕಕ್ಕೆ ಮಾತ್ರೆ ನಡೆಯುತ್ತಿದ್ದರೆ ಮುಚ್ಚಿಡದೆ ಹೇಳಿ.
- ಪ್ರತಿ ಮಾತ್ರೆಗೂ "ಇದು ದಿನಾ ನುಂಗುವುದೋ, ನೋವು ಬಂದಾಗ ಮಾತ್ರವೋ?" ಎಂದು ಕೇಳಿ, ಚೀಟಿಯಲ್ಲೇ ಬರೆಸಿ.
- ಜೆನೆರಿಕ್ ಹೆಸರನ್ನು ಓದಲು ಬರುವಂತೆ ದೊಡ್ಡ ಅಕ್ಷರದಲ್ಲಿ ಬರೆಸಿ.
- ತಿಂಗಳಿಗೆ ಇಷ್ಟೇ ಹಣ ಹೊಂದಿಸಬಲ್ಲೆ ಎಂದು ನೇರವಾಗಿ ಹೇಳಿ.

ಮಾಡಬಾರದ್ದು

- ಹಣದ ಮಾತೆತ್ತಲು ಸಂಕೋಚ ಬೇಡ.
- ಸೈನಸ್, ಪಿತ್ತ, ಗ್ಯಾಸ್ ಎಂದು ನೀವೇ ಹೆಸರಿಟ್ಟು ಔಷಧಿ ಕೇಳಬಾರದು.
- ಸ್ಕ್ಯಾನ್ ಬರೆದುಕೊಡಿ ಎಂದು ಒತ್ತಾಯ ಬೇಡ. ಮೈಗ್ರೇನ್ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ; ಬೇರೆ ರೋಗದ ಅನುಮಾನ ಬಂದರೆ ವೈದ್ಯರೇ ಬರೆಯುತ್ತಾರೆ.
- ಹಳೇ ಚೀಟಿ ಅಡಗಿಸಿ ಹೊಸ ವೈದ್ಯರ ಬಳಿ ಹೋಗಬಾರದು.
- ಪ್ರತಿ ಸಲವೂ ಇಂಜೆಕ್ಷನ್ನೇ ಬೇಕೆಂಬ ಹಟ ಬೇಡ.

ತಪ್ಪಿದರೆ: ನೋವು ತಡೆಯಲು ದಿನಾ ನುಂಗುವ ಪ್ರೊಪ್ರನೊಲಾಲ್ ಉಬ್ಬಸದವರಿಗೆ ಉಸಿರು ಕಟ್ಟಿಸಬಹುದು. ನೋವು ಬಂದಾಗ ನುಂಗುವ ಟ್ರಿಪ್ಟಾನ್ ಮಾತ್ರೆ (ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್‌ನಂಥವು) ಹೃದ್ರೋಗಿಗೆ ಹೃದಯಾಘಾತ ತರಬಹುದು.

3. ನೋವು ಶುರುವಾದಾಗ

ಮಾಡಬೇಕಾದ್ದು

- ನೋವು ಏಳುತ್ತಿರುವಾಗಲೇ ಮಾತ್ರೆ ನುಂಗಿ.
- ಆರಾ ಬರುವವರು ಕಣ್ಣಿನ ಮಿಂಚು ಕಳೆದು ನೋವು ಶುರುವಾದ ಮೇಲೆ ಟ್ರಿಪ್ಟಾನ್ ನುಂಗಿ.
- ಟ್ರಿಪ್ಟಾನ್‌ನಿಂದ ಇಳಿದ ನೋವು ಮರಳಿ ಬಂದರೆ 2 ಗಂಟೆ ಕಳೆದ ಮೇಲೆ, ವೈದ್ಯರು ಹೇಳಿದ್ದರೆ ಮಾತ್ರ, ಎರಡನೆಯದು ನುಂಗಿ.
- ವಾಂತಿ ನಿಲ್ಲಿಸುವ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನೂ ತೆಗೆದುಕೊಳ್ಳಿ.
- ಬಾಯಲ್ಲಿ ಕರಗುವ ರೈಜಾಟ್ರಿಪ್ಟಾನ್ ಆದರೆ ಒಣಗಿದ ಕೈಯಲ್ಲಿ ಬಿಡಿಸಿ ನಾಲಿಗೆ ಮೇಲಿಡಿ.
- ಐಬುಪ್ರೊಫೇನ್, ನ್ಯಾಪ್ರಾಕ್ಸೆನ್ ಆದರೆ ಏನಾದರೂ ತಿಂದು ನುಂಗಿ.
- ನುಂಗಿದ ಹೊತ್ತನ್ನು ಬರೆದಿಡಿ.
- ಟ್ರಿಪ್ಟಾನ್ ನುಂಗಿದ ಮೇಲೆ ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹಬ್ಬಿದರೆ 108ಕ್ಕೆ ಕರೆ ಮಾಡಿ.
- ವಾಂತಿ ಮಾತ್ರೆ ನುಂಗಿದ ಮೇಲೆ ಕತ್ತು, ದವಡೆ, ಕಣ್ಣುಗುಡ್ಡೆ ಸೆಟೆದುಕೊಂಡರೆ ಆಸ್ಪತ್ರೆಗೆ ಓಡಿ.

ಮಾಡಬಾರದ್ದು

- "ಇನ್ನೂ ಸ್ವಲ್ಪ ತಡೆಯೋಣ" ಎಂದು ನೋವು ನೆತ್ತಿಗೇರುವವರೆಗೆ ಕಾಯುವುದು ಬೇಡ.
- ಮೊದಲ ಟ್ರಿಪ್ಟಾನ್ ಕೊಂಚವೂ ಕೆಲಸ ಮಾಡದಿದ್ದರೆ ಅದೇ ನೋವಿಗೆ ಇನ್ನೊಂದು ಟ್ರಿಪ್ಟಾನ್ ಬೇಡ.
- ಸುಮಾಟ್ರಿಪ್ಟಾನ್ 24 ಗಂಟೆಯಲ್ಲಿ 200 ಮಿಲಿಗ್ರಾಂ ಮೀರಬಾರದು.
- ಪ್ರೊಪ್ರನೊಲಾಲ್ ನಡೆಯುತ್ತಿರುವಾಗ ರೈಜಾಟ್ರಿಪ್ಟಾನ್ 10 ಮಿಲಿಗ್ರಾಂ ಬೇಡ. 5 ಮಿಲಿಗ್ರಾಂ ಸಾಕೇ ಎಂದು ವೈದ್ಯರನ್ನು ಕೇಳದೆ ನುಂಗಬಾರದು.
- ಪ್ಯಾರಾಸಿಟಮಾಲ್ 650 ಮಾತ್ರೆ ದಿನಕ್ಕೆ 6 ಮೀರಬಾರದು. ಮದ್ಯ ಕುಡಿಯುವವರು, ಲಿವರ್ ತೊಂದರೆಯವರು ಅಷ್ಟನ್ನೂ ಮುಟ್ಟಬಾರದು.
- ಪ್ಯಾರಾಸಿಟಮಾಲ್ ಜತೆ ನೆಗಡಿ ಮಾತ್ರೆ ಬೇಡ. ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ.
- ಡೆಂಗಿ ಅನುಮಾನವಿರುವ ಜ್ವರದಲ್ಲಿ ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್, ಆಸ್ಪಿರಿನ್ ನುಂಗಬಾರದು.
- ಮಾತ್ರೆ ನುಂಗಿ ತೂಕಡಿಕೆ ಬರುತ್ತಿದ್ದರೆ ಬೈಕ್, ಟ್ರ್ಯಾಕ್ಟರ್, ಯಂತ್ರ ಮುಟ್ಟಬಾರದು.

ತಪ್ಪಿದರೆ: ಪ್ಯಾರಾಸಿಟಮಾಲ್ ಮಿತಿಮೀರಿದರೆ ಲಿವರ್ ಕೆಡುತ್ತದೆ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಮಿತಿಮೀರಿದರೆ ಹೊಟ್ಟೆಯೊಳಗೆ ರಕ್ತ ಸುರಿಯಬಹುದು, ಕಿಡ್ನಿ ಸೋಲಬಹುದು.

4. ತಿಂಗಳ ಲೆಕ್ಕ

ಮಾಡಬೇಕಾದ್ದು

- ಗೋಡೆಯ ಕ್ಯಾಲೆಂಡರ್‌ನಲ್ಲಿ ನೋವಿನ ದಿನಕ್ಕೆ ಒಂದು ಗುರುತು, ಮಾತ್ರೆಯ ದಿನಕ್ಕೆ ಇನ್ನೊಂದು ಗುರುತು ಹಾಕಿ.
- ಮಾತ್ರೆಯನ್ನಲ್ಲ, ಮಾತ್ರೆ ನುಂಗಿದ ದಿನಗಳನ್ನು ಎಣಿಸಿ.
- ಟ್ರಿಪ್ಟಾನ್, ಎರ್ಗೊಟಮಿನ್, ಕೆಫೀನ್ ಬೆರೆತ ನೋವಿನ ಮಾತ್ರೆ: ತಿಂಗಳಿಗೆ 10 ದಿನ ಮುಟ್ಟುವ ಮೊದಲೇ ನಿಲ್ಲಿಸಿ.
- ಬರೀ ಪ್ಯಾರಾಸಿಟಮಾಲ್, ಬರೀ ಐಬುಪ್ರೊಫೇನ್: 15 ದಿನ ಮುಟ್ಟುವ ಮೊದಲೇ ನಿಲ್ಲಿಸಿ.
- ವಾರಕ್ಕೆ 2 ದಿನಕ್ಕಿಂತ ಹೆಚ್ಚು ಮಾತ್ರೆ ಬೇಕಾಗುತ್ತಿದ್ದರೆ ವೈದ್ಯರ ಬಳಿ ಹೋಗಿ, ನೋವು ತಡೆಯುವ ದಿನದ ಮಾತ್ರೆ ಬೇಕೇ ಎಂದು ಕೇಳಿ.
- ಮಿತಿ ಮೀರಿ ಅಭ್ಯಾಸವಾಗಿದ್ದರೆ ವೈದ್ಯರಿಗೆ ಹಾಗೆಂದೇ ಹೇಳಿ, ಅವರ ನಿಗಾದಲ್ಲಿ ಬಿಡಿ. ಬಿಟ್ಟ ಮೊದಲ ದಿನಗಳಲ್ಲಿ ನೋವು ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ.

ಮಾಡಬಾರದ್ದು

- ನೋವು ಬಾರದಿದ್ದರೂ "ಬಂದೀತು" ಎಂಬ ಭಯಕ್ಕೆ ನೋವಿನ ಮಾತ್ರೆ ನುಂಗಬಾರದು.
- ಬೆಳಗೆದ್ದು ಕಾಫಿಯ ಜತೆ ಒಂದು ಮಾತ್ರೆ ಎಂಬ ರೂಢಿ ಬೇಡ.
- ಪೆಟ್ಟಿಗೆ ಅಂಗಡಿಯ ಮಾತ್ರೆ ಲೆಕ್ಕಕ್ಕಿಲ್ಲ ಎಂದುಕೊಳ್ಳಬಾರದು.
- ಒಂದು ಮಾತ್ರೆಯ ಮಿತಿ ಮುಗಿಯಿತೆಂದು ಅದೇ ತಿಂಗಳು ಇನ್ನೊಂದಕ್ಕೆ ಹಾರುವುದು ಬೇಡ.
- ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳನ್ನು ಮೈಗ್ರೇನ್‌ಗೆಂದು ಕೇಳಿ ಪಡೆಯಬಾರದು.

ತಪ್ಪಿದರೆ: ಮೂರು ತಿಂಗಳು ಮಿತಿ ಮೀರಿದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಆಗ ಹೆಚ್ಚಿಗೆ ನುಂಗಿದಷ್ಟೂ ನೋವು ಹೆಚ್ಚು.

5. ಎರ್ಗೊಟಮಿನ್ ಇರುವ ಮಾತ್ರೆ

ನಮ್ಮ ಅಂಗಡಿಗಳಲ್ಲಿ ಕೆಫೀನ್, ಪ್ಯಾರಾಸಿಟಮಾಲ್ ಜತೆ ಬೆರೆಸಿ ಮಾರುವ ಹಳೆಯ ಔಷಧಿ ಇದು. ಬೆಲೆ ಕಡಿಮೆ, ಅಪಾಯ ಹೆಚ್ಚು.

ಮಾಡಬೇಕಾದ್ದು

- ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ, ಎರ್ಗೊಟಮಿನ್ ಇದೆಯೇ ನೋಡಿ.
- ಎರ್ಗೊಟಮಿನ್‌ಗೂ ಟ್ರಿಪ್ಟಾನ್‌ಗೂ ನಡುವೆ 24 ಗಂಟೆ ಬಿಡಿ.
- ಬೇರೆ ಕಾಯಿಲೆಗೆ ಆಂಟಿಬಯಾಟಿಕ್ ಬರೆಯುವ ವೈದ್ಯರಿಗೆ ಈ ಮಾತ್ರೆಯ ಸ್ಟ್ರಿಪ್ ತೋರಿಸಿ.
- ಬೆರಳು ತಣ್ಣಗಾಗಿ, ಜೋಮು ಹಿಡಿದು, ನೀಲಿಗಟ್ಟಿದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮಾಡಬಾರದ್ದು

- ಗರ್ಭಿಣಿ ನುಂಗಬಾರದು. ಎದೆಹಾಲು ಉಣಿಸುವ ತಾಯಿ ನುಂಗಬಾರದು.
- ಹೃದ್ರೋಗ, ಹತೋಟಿಗೆ ಬಾರದ ಬಿಪಿ, ಕಾಲಿನ ರಕ್ತನಾಳದ ತೊಂದರೆ ಇರುವವರು ಮುಟ್ಟಬಾರದು.
- ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಜತೆ ಬೇಡ.
- ಕೀಟೊಕೊನಜೋಲ್, ಇಟ್ರಾಕೊನಜೋಲ್‌ನಂಥ ಫಂಗಸ್ ಮಾತ್ರೆ ಜತೆ ಬೇಡ.
- ಎಚ್‌ಐವಿ ಚಿಕಿತ್ಸೆಯಲ್ಲಿರುವವರು ಎಆರ್‌ಟಿ ಕೇಂದ್ರದಲ್ಲಿ ಕೇಳದೆ ನುಂಗಬಾರದು.

ತಪ್ಪಿದರೆ: ಬೆರಳಿಗೆ ರಕ್ತ ಹರಿಯುವುದು ನಿಂತು ಕೊಳೆಯುತ್ತದೆ. ಕತ್ತರಿಸಬೇಕಾಗಿ ಬರಬಹುದು.

6. ನೋವು ಬಾರದಂತೆ ದಿನಾ ನುಂಗುವ ಮಾತ್ರೆ

ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್ ಈ ಗುಂಪಿನವು.

ಮಾಡಬೇಕಾದ್ದು

- ದಿನಾ ಒಂದೇ ಹೊತ್ತಿಗೆ ನುಂಗಿ.
- ಗುಣ ಕಾಣಲು 2–3 ತಿಂಗಳು ಬೇಕು. ಅಲ್ಲಿಯವರೆಗೆ ಬಿಡದೆ ಮುಂದುವರಿಸಿ.
- ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್ ರಾತ್ರಿ ಮಲಗುವ ಮುನ್ನ ನುಂಗಿ.
- ಟೋಪಿರಮೇಟ್ ನುಂಗುವವರು ನೀರು ಹೆಚ್ಚು ಕುಡಿಯಿರಿ.
- ಟೋಪಿರಮೇಟ್ ಶುರುವಾದ ಮೇಲೆ ಕಣ್ಣು ನೋವು, ಮಂಜು ಒಟ್ಟಿಗೆ ಬಂದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.
- ಫ್ಲುನಾರಿಜಿನ್‌ನಿಂದ ಮನಸ್ಸು ಕುಗ್ಗಿದರೆ, ಕೈ ನಡುಗಿದರೆ, ನಡಿಗೆ ನಿಧಾನವಾದರೆ ಕೂಡಲೇ ವೈದ್ಯರಿಗೆ ಹೇಳಿ.
- ಸಾಯುವ ಯೋಚನೆ ಬಂದರೆ ಮನೆಯವರಿಗೆ ಹೇಳಿ, ಟೆಲಿ ಮನಸ್ 14416ಕ್ಕೆ ಕರೆ ಮಾಡಿ.
- ಇನ್ಸುಲಿನ್ ಮೇಲಿರುವವರು ಪ್ರೊಪ್ರನೊಲಾಲ್ ಶುರುವಾದ ಮೇಲೆ ಶುಗರ್ ಪದೇ ಪದೇ ನೋಡಿ. ಶುಗರ್ ಇಳಿದಾಗ ಬರುವ ಎದೆಬಡಿತ, ನಡುಕವನ್ನು ಅದು ಮರೆಮಾಚುತ್ತದೆ.
- ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಒಂದನ್ನೇ ನುಂಗಿ.

ಮಾಡಬಾರದ್ದು

- ನೋವು ಬಂದಿಲ್ಲವೆಂದು ಮಾತ್ರೆ ಬಿಡುವುದು ಬೇಡ.
- ಹಣ ಉಳಿಸಲು ದಿನ ಬಿಟ್ಟು ದಿನ ನುಂಗಬಾರದು.
- ಪ್ರೊಪ್ರನೊಲಾಲ್ ಒಮ್ಮೆಗೇ ನಿಲ್ಲಿಸಬಾರದು. ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.
- ನಿಧಾನವಾಗಿ ಕರಗುವ ಕ್ಯಾಪ್ಸೂಲ್ ಬಿಡಿಸಿ, ಮಾತ್ರೆ ಪುಡಿಮಾಡಿ ನುಂಗಬಾರದು.
- ನೋವು ಬಂದಾಗ ದಿನದ ಮಾತ್ರೆ ಎರಡೆರಡು ನುಂಗುವುದು ಬೇಡ.
- ಪಾರ್ಕಿನ್ಸನ್ ಕಾಯಿಲೆ ಇರುವವರು, ಹಿಂದೆ ಖಿನ್ನತೆ ಬಂದವರು ಫ್ಲುನಾರಿಜಿನ್ ನುಂಗಬಾರದು.
- ಈ ಮಾತ್ರೆಗಳ ಜತೆ ಮದ್ಯ ಬೇಡ.

ತಪ್ಪಿದರೆ: ಪ್ರೊಪ್ರನೊಲಾಲ್ ದಿಢೀರ್ ಬಿಟ್ಟರೆ ಬಿಪಿ ಏರುತ್ತದೆ, ಹೃದ್ರೋಗಿಗೆ ಎದೆನೋವು, ಹೃದಯಾಘಾತ ಬರಬಹುದು.

7. ಹೆಣ್ಣುಮಕ್ಕಳು, ಗರ್ಭಿಣಿಯರು, ಬಾಣಂತಿಯರು

ಮಾಡಬೇಕಾದ್ದು

- ಮಗುವಿನ ಯೋಚನೆ ಇದ್ದರೆ ಗರ್ಭ ನಿಲ್ಲುವ ಮೊದಲೇ ವೈದ್ಯರಿಗೆ ಹೇಳಿ, ಮಾತ್ರೆ ಬದಲಿಸಿಕೊಳ್ಳಿ.
- ಮುಟ್ಟು ತಪ್ಪಿದರೆ ಕೂಡಲೇ ಪರೀಕ್ಷೆ ಮಾಡಿಸಿ, ಚೀಟಿ ಸಮೇತ ವೈದ್ಯರನ್ನು ಕಾಣಿ.
- ಗರ್ಭಿಣಿಗೆ ತಲೆನೋವು ಬಂದರೆ ಮೊದಲು ಬಿಪಿ ನೋಡಿಸಿ.
- ನೋವಿಗೆ ಪ್ಯಾರಾಸಿಟಮಾಲ್ ಎಷ್ಟು ನುಂಗಬಹುದೆಂದು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ.
- ಹೆರಿಗೆಯಾದ ವಾರಗಳಲ್ಲಿ ಬಿಡದ ತಲೆನೋವು, ಫಿಟ್ಸ್, ಕಣ್ಣು ಮಂಜು ಬಂದರೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.
- ಆರಾ ಇರುವವರು ಗರ್ಭನಿರೋಧಕ್ಕೆ ಕಾಪರ್-ಟಿ, ಛಾಯಾ ಮಾತ್ರೆಯಂಥ ದಾರಿಗಳ ಬಗ್ಗೆ ವೈದ್ಯರನ್ನು ಕೇಳಿ.

ಮಾಡಬಾರದ್ದು

- ಗರ್ಭ ನಿಲ್ಲಬಹುದಾದ ವಯಸ್ಸಿನಲ್ಲಿ ಮೈಗ್ರೇನ್‌ಗೆ ವಾಲ್‌ಪ್ರೊಯೇಟ್ ಬೇಡ.
- ಗರ್ಭಿಣಿಗೆ ಟೋಪಿರಮೇಟ್ ಬೇಡ.
- 20 ವಾರ ದಾಟಿದ ಗರ್ಭಿಣಿ ವೈದ್ಯರು ಹೇಳದೆ ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್, ನ್ಯಾಪ್ರಾಕ್ಸೆನ್ ನುಂಗಬಾರದು.
- ಆರಾ ಇರುವವರು ಮಾಲಾ-ಎನ್‌ನಂಥ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಬಾರದು.
- ಬಾಣಂತಿಗೆ ಕುಡಿಯುವ ನೀರು ಕಡಿಮೆ ಮಾಡುವ ಪದ್ಧತಿ ಬೇಡ.
- ಹೊಟ್ಟೆಗೆ ಏನೂ ಇಲ್ಲದ ಕಟ್ಟುನಿಟ್ಟಿನ ಉಪವಾಸ ಮೈಗ್ರೇನ್ ಇರುವವರಿಗೆ ಬೇಡ.

ತಪ್ಪಿದರೆ: ವಾಲ್‌ಪ್ರೊಯೇಟ್, ಟೋಪಿರಮೇಟ್ ಮಗುವಿಗೆ ಹುಟ್ಟು ನ್ಯೂನತೆ ತರುತ್ತವೆ. ಆರಾ ಜತೆ ಈಸ್ಟ್ರೊಜೆನ್ ಸೇರಿದರೆ ಲಕ್ವದ ಅಪಾಯ ಏರುತ್ತದೆ. ನೀರಿಲ್ಲದ ಬಾಣಂತಿಯ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು.

8. ಮಕ್ಕಳಿಗೆ

ಮಾಡಬೇಕಾದ್ದು

- ಮಗುವಿನ ತೂಕ ನೋಡಿಸಿ, ತೂಕಕ್ಕೆ ತಕ್ಕ ಪ್ರಮಾಣ ಬರೆಸಿ.
- ಶಾಲೆಯ ಶಿಕ್ಷಕರಿಗೆ ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಬರೆದುಕೊಡಿ.
- ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಿಸಿ, ಮಲಗಿಸಿ.

ಮಾಡಬಾರದ್ದು

- ದೊಡ್ಡವರ ಮಾತ್ರೆ ಮುರಿದು ಮಗುವಿಗೆ ಕೊಡುವುದು ಬೇಡ.
- 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬಾರದು.
- ಮಾತ್ರೆ ಡಬ್ಬಿ ಮಕ್ಕಳ ಕೈಗೆಟುಕುವಲ್ಲಿ ಇಡಬಾರದು.

ತಪ್ಪಿದರೆ: ಹಿಡಿ ಅಮಿಟ್ರಿಪ್ಟಿಲಿನ್ ಅಥವಾ ಪ್ರೊಪ್ರನೊಲಾಲ್ ನುಂಗಿದ ಮಗುವಿನ ಪ್ರಾಣ ಹೋಗಬಹುದು.

9. ಔಷಧಿ ಅಂಗಡಿಯಲ್ಲಿ

ಮಾಡಬೇಕಾದ್ದು

- ಚೀಟಿ ತೋರಿಸಿ ಕೊಳ್ಳಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ.
- ಚೀಟಿಯ ಹೆಸರು, ಮಿಲಿಗ್ರಾಂ ಎರಡನ್ನೂ ಸ್ಟ್ರಿಪ್ ಜತೆ ಹೋಲಿಸಿ ನೋಡಿ.
- ಅವಧಿ ಮುಗಿಯುವ ತಿಂಗಳು ನೋಡಿ.
- ಬಿಡಿ ಮಾತ್ರೆ ಕೊಂಡರೆ ಬ್ಯಾಚ್ ಸಂಖ್ಯೆ, ಅವಧಿಯನ್ನು ಬಿಲ್‌ನಲ್ಲಿ ಬರೆಸಿ.
- ಕ್ಯುಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಔಷಧಿ ಅಸಲಿಯೇ ನೋಡಿ.
- ಬಿಲ್ ಪಡೆಯಿರಿ, ಜೋಪಾನ ಮಾಡಿ.

ಮಾಡಬಾರದ್ದು

- "ತಲೆನೋವಿಗೆ ಏನಾದ್ರೂ ಕೊಡಿ" ಎಂದು ಕೇಳಬಾರದು.
- ಪಕ್ಕದ ಮನೆಯವರ ಸ್ಟ್ರಿಪ್ ತೋರಿಸಿ ಅದನ್ನೇ ಕೊಳ್ಳಬಾರದು.
- ಮುದ್ರಿತ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬಾರದು.
- ಅಂಗಡಿಯವರು ಬೇರೆ ಔಷಧಿ ಕೊಟ್ಟರೆ ವೈದ್ಯರನ್ನು ಕೇಳದೆ ಒಪ್ಪಿಕೊಳ್ಳಬಾರದು.
- ವಾಟ್ಸ್ಆ್ಯಪ್‌ನಲ್ಲಿ ಮಾರುವ ಹೆಸರಿಲ್ಲದ ಪುಡಿ, "ಶಾಶ್ವತ ಪರಿಹಾರ"ದ ಡಬ್ಬಿ ಬೇಡ.

ತಪ್ಪಿದರೆ: ಬಿಲ್ ಇಲ್ಲದಿದ್ದರೆ ದೂರಿಗೆ ಆಧಾರವಿಲ್ಲ. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ತಿಳಿಯದೆ ಆಸ್ಪತ್ರೆಯಲ್ಲೂ ಚಿಕಿತ್ಸೆ ತಡವಾಗುತ್ತದೆ.

10. ಖರ್ಚು ತಗ್ಗಿಸಲು

ಮಾಡಬೇಕಾದ್ದು

- ಚೀಟಿಯಲ್ಲಿರುವ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.
- ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರಕ್ಕೆ ಹೋಗಿ. ಅಲ್ಲಿ ಬೆಲೆ ಸಾಮಾನ್ಯವಾಗಿ ಬ್ರಾಂಡ್ ಬೆಲೆಯ ಅರ್ಧಕ್ಕಿಂತ ಕಡಿಮೆ.
- ಹೊರಡುವ ಮುನ್ನ ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ, ಔಷಧಿಯ ಬೆಲೆ ನೋಡಿ.
- ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್‌ನಂಥ ಹಳೆಯ, ಅಗ್ಗದ ಮಾತ್ರೆ ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.
- ಬ್ರಾಂಡ್‌ನಿಂದ ಬ್ರಾಂಡ್‌ಗೆ ಬೆಲೆಯನ್ನು ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಹೋಲಿಸಿ.
- ಹೊಸ ಮಾತ್ರೆ ಶುರುಮಾಡುವಾಗ ಮೊದಲು ಒಂದೇ ಸ್ಟ್ರಿಪ್ ಕೊಳ್ಳಿ. ಒಗ್ಗಿದ ಮೇಲೆ ತಿಂಗಳದ್ದು ಕೊಳ್ಳಿ.
- ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಇಎಸ್‌ಐ ಚಿಕಿತ್ಸಾಲಯದಲ್ಲಿ ಔಷಧಿ ಪಡೆಯಿರಿ.
- ತಜ್ಞರು ಬೇಕಾದರೆ ಜಿಲ್ಲಾಸ್ಪತ್ರೆಯ ಮೆದುಳು ಆರೋಗ್ಯ ಕ್ಲಿನಿಕ್ ವಿಚಾರಿಸಿ. ಅಲ್ಲಿಂದ ನಿಮ್ಹಾನ್ಸ್‌ಗೆ ಶಿಫಾರಸು ಪಡೆಯಬಹುದು.
- ಪ್ರಯಾಣದ ಖರ್ಚು ಭಾರವಾದರೆ ಸರ್ಕಾರದ ಇ-ಸಂಜೀವಿನಿ ಆ್ಯಪ್‌ನಲ್ಲಿ ವೈದ್ಯರೊಂದಿಗೆ ಉಚಿತವಾಗಿ ಮಾತಾಡಿ.
- ಮೈಗ್ರೇನ್ ತಡೆಯುವ ಸಿಜಿಆರ್‌ಪಿ ಇಂಜೆಕ್ಷನ್ ಬರೆದರೆ ಒಪ್ಪುವ ಮೊದಲು ತಿಂಗಳ ಖರ್ಚು, ಎಷ್ಟು ತಿಂಗಳು, ಕೆಲಸ ಮಾಡದಿದ್ದರೆ ಯಾವಾಗ ನಿಲ್ಲಿಸುವುದು, ಮೂರನ್ನೂ ಕೇಳಿ. ಅದರ ಬೆಲೆ ತಿಂಗಳಿಗೆ ಸಾವಿರಾರು ರೂಪಾಯಿ.

ಮಾಡಬಾರದ್ದು

- ಅಗ್ಗದ್ದು ಕೆಲಸ ಮಾಡುವುದಿಲ್ಲವೆಂದು ಜೆನೆರಿಕ್ ಬಿಡುವುದು ಬೇಡ.
- ಕೈಯಲ್ಲಿ ಹಣವಿಲ್ಲವೆಂದು ವೈದ್ಯರಿಗೆ ತಿಳಿಸದೆ ಔಷಧಿ ನಿಲ್ಲಿಸಬಾರದು.
- ಮಾತ್ರೆಗಾಗಿ ಚಿನ್ನ ಅಡವಿಡುವುದು ಬೇಡ. ಅದಕ್ಕೂ ಮೊದಲು ಅಗ್ಗದ ಬದಲಿ ಕೇಳಬೇಕು.
- ಆಯುಷ್ಮಾನ್ ಕಾರ್ಡ್ ಇದೆಯೆಂದು ಅಂಗಡಿಯ ಮಾತ್ರೆ ಖರ್ಚು ಅದರಲ್ಲಿ ಕಳೆಯುತ್ತದೆಂದು ನಂಬಬಾರದು.
- ಉಳಿದ ಹಳೇ ಮಾತ್ರೆ ಅವಧಿ ಮುಗಿದ ಮೇಲೆ ನುಂಗಬಾರದು.

ತಪ್ಪಿದರೆ: ದಿನದ ಮಾತ್ರೆಯಲ್ಲಿ ಉಳಿಸಿದ ಹಣ ನೋವಿನ ಮಾತ್ರೆಗೆ, ಇಂಜೆಕ್ಷನ್‌ಗೆ, ಕಳೆದುಕೊಂಡ ಕೂಲಿಗೆ ಹೋಗುತ್ತದೆ.

11. ಊರು, ದೇಶ ಬಿಟ್ಟು ಹೋಗುವಾಗ

ಮಾಡಬೇಕಾದ್ದು

- ಮಾತ್ರೆಯನ್ನು ಕೈಚೀಲದಲ್ಲಿ, ಮೂಲ ಸ್ಟ್ರಿಪ್‌ನಲ್ಲೇ ಇಟ್ಟುಕೊಳ್ಳಿ.
- ಜೆನೆರಿಕ್ ಹೆಸರಿರುವ ಚೀಟಿಯ ಪ್ರತಿ ಜತೆಗಿಡಿ.
- ಹೋಗುವ ದೇಶದಲ್ಲಿ ಆ ಔಷಧಿಗೆ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಮಾಡಬಾರದ್ದು

- ದುಬೈ, ಅಬುಧಾಬಿಗೆ ಮುಂಗಡ ಅನುಮತಿ ಇಲ್ಲದೆ ಟ್ರಮಡಾಲ್, ಕೊಡೀನ್ ಒಯ್ಯಬಾರದು.
- ಇನ್ನೊಬ್ಬರ ಔಷಧಿ ಪೊಟ್ಟಣ ಕೊಂಡೊಯ್ಯಲು ಒಪ್ಪಬಾರದು.
- ಬಿಸಿಲಿಗೆ ನಿಂತ ಕಾರಿನಲ್ಲಿ ಮಾತ್ರೆ ಬಿಡುವುದು ಬೇಡ.

ತಪ್ಪಿದರೆ: ಅನುಮತಿ ಇಲ್ಲದೆ ಇಂಥ ಔಷಧಿ ಒಯ್ಯುವುದು ಅಲ್ಲಿ ಅಪರಾಧ. ಜೈಲಾಗಬಹುದು.

12. ಮನೆಯವರಿಗೆ

ಮಾಡಬೇಕಾದ್ದು

- ಕೋಣೆಗೆ ಕತ್ತಲು ಮಾಡಿ, ಟಿವಿ ಆರಿಸಿ.
- ನೀರು, ಮಾತ್ರೆ, ವಾಂತಿಗೆ ಪಾತ್ರೆ ಪಕ್ಕದಲ್ಲಿಡಿ.
- ನುಂಗಿದ ಮಾತ್ರೆಯ ಲೆಕ್ಕ ನೀವೂ ಇಡಿ.
- ಈ ಹಾಳೆಯನ್ನು ಔಷಧಿ ಡಬ್ಬಿಯ ಬಳಿ ಅಂಟಿಸಿ.

ಮಾಡಬಾರದ್ದು

- "ಕೆಲಸ ತಪ್ಪಿಸಲು ನೆಪ" ಎನ್ನಬಾರದು. ಇದು ಮೆದುಳಿನ ಕಾಯಿಲೆ.
- ಊದಿನಕಡ್ಡಿ, ಒಗ್ಗರಣೆಯ ಘಾಟು ಆ ಕೋಣೆಗೆ ಬೇಡ.
- ನಿಮ್ಮ ಬಿಪಿ ಮಾತ್ರೆ, ನಿದ್ದೆ ಮಾತ್ರೆ ಅವರಿಗೆ ಕೊಡಬಾರದು.

ಕರೆ ಮಾಡಬೇಕಾದ ಸಂಖ್ಯೆಗಳು

- ಆಂಬ್ಯುಲೆನ್ಸ್: 108
- ಆರೋಗ್ಯ ಸಹಾಯವಾಣಿ, ಕರ್ನಾಟಕ: 104
- ಮನಸ್ಸಿನ ಸಂಕಟಕ್ಕೆ, ಟೆಲಿ ಮನಸ್: 14416
- ಔಷಧಿಯ ಅಡ್ಡಪರಿಣಾಮ ವರದಿ ಮಾಡಲು: 1800-180-3024
- ಮುದ್ರಿತ ಬೆಲೆಗಿಂತ ಹೆಚ್ಚು ಕಿತ್ತರೆ, ಗ್ರಾಹಕ ಸಹಾಯವಾಣಿ: 1915

ಈ ಹಾಳೆ ನೋಡಿ ವೈದ್ಯರು ಬರೆದ ಪ್ರಮಾಣವನ್ನು ನೀವೇ ಬದಲಿಸಬಾರದು. ಅನುಮಾನ ಬಂದರೆ ಚೀಟಿ ಹಿಡಿದು ಅವರನ್ನೇ ಕೇಳಿ.